ಚುಕ್ಕಿ ಕಾವಿಗೆ ಕೂತ ಜಾಗ

ಬದರಿನಾಥರು ವರಾಂಡದಲ್ಲಿ ಕೂತು ಬೆಳಗಿನ ಕಾಫಿ ಆರಿಸಿಕೊಳ್ಳುತ್ತಿದ್ದಾಗ ಪಕ್ಕದ ಮನೆಯ ಈಶ್ವರಮ್ಮ ಬಂದು ಗೇಟಿನ ಮುಂದೆ ನಿಂತರು. ಕೈಯಲ್ಲಿ ಒಂದು ಹಿಡಿ ಕೆಂಪು ಗರಿಗಳಿದ್ದವು.

“ಸಾರ್, ಇದೇನು ಗೊತ್ತಾ?”

“ಗರಿ,” ಎಂದರು ಬದರಿನಾಥರು, ಸ್ವಲ್ಪ ಹುಷಾರಾಗಿಯೇ.

“ನೆನ್ನೆ ಸಂಜೆವರ್ಗೂ ಇದು ಕೋಳಿ ಆಗಿತ್ತು. ನಮ್ಮ ಕೆಂಪಿ. ನಿಮ್ಮ ಮೋಟ ತಿಂದಾಕವ್ನೆ.”

ಮೋಟ ಎಂದರೆ ಆ ಹೊತ್ತಿನಲ್ಲಿ ಬದರಿನಾಥರ ಪಕ್ಕದಲ್ಲೇ, ಕಾಲೊರೆಸುವ ಮ್ಯಾಟಿನ ಮೇಲೆ, ನಾಲ್ಕೂ ಕಾಲು ಚಾಚಿ ಮಲಗಿದ್ದ ಬೀದಿನಾಯಿ. ಯಾವುದೋ ಕಾಲದಲ್ಲಿ ಅರ್ಧ ಬಾಲ ಕಳೆದುಕೊಂಡಿದ್ದರಿಂದ ಬೀದಿಯವರೆಲ್ಲ ಅದನ್ನು ಮೋಟ ಅನ್ನುತ್ತಿದ್ದರು. ಬದರಿನಾಥರು ಮಾತ್ರ ಪ್ರಿನ್ಸ್ ಅನ್ನುತ್ತಿದ್ದರು. ಯಾವ ಹೆಸರು ಹಿಡಿದು ಕರೆದರೂ ಅದು ಊಟದ ಹೊತ್ತಿಗೆ ತಪ್ಪದೆ ಬರುತ್ತಿತ್ತು. ಬರುವಾಗ ಬೀದಿಯ ಉಳಿದ ನಾಯಿಗಳನ್ನೂ ನೆಂಟರ ಹಾಗೆ ಕರೆತರುತ್ತಿತ್ತು.

“ಛೆ ಛೆ, ಪ್ರಿನ್ಸ್ ಅಂಥವನಲ್ಲ ಕಣ್ರೀ ಈಶ್ವರಮ್ಮನವರೇ. ನಮ್ಮನೇಲಿ ಅವನು ಮೊಸರನ್ನ ತಿಂದುಕೊಂಡಿರೋನು.”

“ಅದಕ್ಕೇ ಸಾರ್. ಮೊಸರನ್ನ ತಿಂದು ತಿಂದು ನಾಲ್ಗೆ ಕೆಟ್ಟೋಗೈತೆ ಅವ್ನಿಗೆ.”

ಒಳಗಿನಿಂದ ಬದರಿನಾಥರ ಹೆಂಡತಿ ಸರಸ್ವತಿ ನಕ್ಕಿದ್ದು ಇಬ್ಬರಿಗೂ ಕೇಳಿಸಿತು.

ಕೋಣನಕುಂಟೆಯ ಹಳೇ ಊರು ಮುಗಿದು ಲೇಔಟ್ ಶುರುವಾಗುವ ಜಾಗದಲ್ಲಿ ಈ ಎರಡು ಮನೆಗಳಿದ್ದವು. ಈಶ್ವರಮ್ಮ ಹುಟ್ಟಿ ಬೆಳೆದದ್ದೇ ಇಲ್ಲಿ. ಮೆಟ್ರೋ ಕಂಬಗಳು ಬಂದವು, ಸುತ್ತಲೂ ಅಪಾರ್ಟ್‌ಮೆಂಟ್ ಎದ್ದವು. ಅವರ ಹಿತ್ತಲು, ಹಿತ್ತಲಿನ ಸೀಬೆ ಮರ, ಮರದ ಕೆಳಗಿನ ನಾಟಿ ಕೋಳಿಗಳು ಮಾತ್ರ ಹಾಗೇ ಉಳಿದಿದ್ದವು. ಬದರಿನಾಥರದು ಜಯನಗರದ ಕುಟುಂಬ. ವಿಮಾ ಕಂಪನಿಯಲ್ಲಿ ಅಧಿಕಾರಿಯಾಗಿ ನಿವೃತ್ತರಾಗಿ, ಹಳೇ ಮನೆ ಅಣ್ಣತಮ್ಮಂದಿರಲ್ಲಿ ಭಾಗವಾದ ಮೇಲೆ ಇಲ್ಲಿ ಮನೆ ಕಟ್ಟಿಸಿಕೊಂಡು ಬಂದಿದ್ದರು. ಮಕ್ಕಳಿರಲಿಲ್ಲ. ಬಂದ ಹೊಸದರಲ್ಲಿ ಒಂದು ನಾಯಿಗೆ ಒಂದು ಹಿಡಿ ಅನ್ನ ಹಾಕಿದ್ದೇ ನೆಪ, ಈಗ ಸರಸ್ವತಿಯವರು ದಿನಾ ಒಂದು ಕುಕ್ಕರ್ ಅನ್ನ ನಾಯಿಗಳಿಗೆಂದೇ ಬೇರೆ ಇಡಬೇಕಾಗಿತ್ತು.

ಅಂದು ಮಧ್ಯಾಹ್ನ ಸರಸ್ವತಿಯವರು ವರಾಂಡ ಗುಡಿಸುತ್ತಾ ಮ್ಯಾಟ್ ಎತ್ತಿದರು. ಕೆಳಗೆ ಎರಡು ಕೆಂಪು ಗರಿ.

“ರೀ, ಇಲ್ಲಿ ನೋಡಿ.”

ಬದರಿನಾಥರು ಕನ್ನಡಕ ಹಾಕಿಕೊಂಡು ನೋಡಿದರು. “ಗಾಳಿಗೆ ಬಂದಿರುತ್ತೆ ಕಣೇ.”

“ಗಾಳಿ ಬಂದು, ಮ್ಯಾಟ್ ಎತ್ತಿ, ಕೆಳಗೆ ಗರಿ ಇಟ್ಟು, ಮತ್ತೆ ಮ್ಯಾಟ್ ಮುಚ್ಚಿ ಹೋಯ್ತಾ?”

ಬದರಿನಾಥರು ಪ್ರಿನ್ಸ್ ಕಡೆ ನೋಡಿದರು. ಪ್ರಿನ್ಸ್ ಅವರನ್ನೇ ನೋಡುತ್ತಾ ಅರ್ಧ ಬಾಲ ಅಲ್ಲಾಡಿಸಿತು. ಇಷ್ಟು ಮುಗ್ಧವಾದ ಮುಖ ಇಟ್ಟುಕೊಂಡವನು ಕೊಲೆ ಮಾಡಿರಲು ಸಾಧ್ಯವಿಲ್ಲ ಎಂದು ತೀರ್ಮಾನಿಸಿ ಅವರು ಪೇಪರ್ ಓದತೊಡಗಿದರು.

ಗೋಡೆಯ ಆಚೆ ಈಶ್ವರಮ್ಮನ ಗಂಡ ಹನುಮಯ್ಯ ಯುದ್ಧದ ತಯಾರಿ ನಡೆಸಿದ್ದರು. ಬಹಳ ವರ್ಷ ಟೆಂಪೋ ಓಡಿಸಿ ಮಂಡಿ ಸವೆಸಿಕೊಂಡು ಮನೆಯಲ್ಲಿ ಕೂತಿದ್ದ ಅವರಿಗೆ ಮಾಡಲು ಒಂದು ಕೆಲಸ ಸಿಕ್ಕಿದ್ದು ಒಳಗೊಳಗೇ ಖುಷಿ. ಕೆಂಪಿ ಸತ್ತ ದುಃಖದಲ್ಲಿ ಅದನ್ನು ತೋರಿಸಿಕೊಳ್ಳಲಿಲ್ಲ ಅಷ್ಟೆ. ಮೊದಲು ತಮ್ಮ ಹಳೇ ಖಾಕಿ ಶರ್ಟಿಗೆ ಒಣಹುಲ್ಲು ತುಂಬಿ ಬೆದರುಗೊಂಬೆ ಮಾಡಿ ಹಿತ್ತಲಲ್ಲಿ ನಿಲ್ಲಿಸಿದರು. ಮಧ್ಯಾಹ್ನ ನೋಡಿದರೆ ಮೋಟ ಗೊಂಬೆಯ ನೆರಳಲ್ಲೇ ಮಲಗಿತ್ತು. ಆಮೇಲೆ ಗೋಡೆಯ ಮೇಲೆಲ್ಲ ಖಾರದ ಪುಡಿ ಎರಚಿದರು. ಗಾಳಿ ಮನೆ ಕಡೆ ಬೀಸಿ ಗಂಡ ಹೆಂಡತಿ ಇಬ್ಬರೂ ಸಂಜೆಯವರೆಗೆ ಸೀನಿದರು.

“ನಾಯಿ ಓಡ್ಸು ಅಂದ್ರೆ ನಮ್ಮನ್ನೇ ಓಡಿಸ್ತಿದ್ದೀಯಲ್ಲಯ್ಯಾ,” ಎಂದರು ಈಶ್ವರಮ್ಮ ಸೆರಗಿನಿಂದ ಮೂಗೊರೆಸುತ್ತಾ.

“ಸುಮ್ನಿರು. ಇನ್ನೊಂದು ಐಡಿಯಾ ಐತೆ.”

ಆ ಐಡಿಯಾ ತಂತಿ ಜಾಲರಿ. ಸುಬ್ರಹ್ಮಣ್ಯಪುರದ ಹಾರ್ಡ್‌ವೇರ್ ಅಂಗಡಿಯಿಂದ ಜಾಲರಿಯ ಸುರುಳಿ ತಂದು ಸೀಬೆ ಮರದ ಸುತ್ತ ಬೇಲಿ ಕಟ್ಟಿದರು. ನಾಯಿಗಳು ಜಾಲರಿಯ ಬುಡದಲ್ಲಿ ಮಣ್ಣು ಕೆರೆದು ದಾರಿ ಮಾಡಿಕೊಂಡವು. ಕೋಳಿಗಳು ಕಿರುಚಿ ಊರು ಒಂದು ಮಾಡಿದ್ದರಿಂದ ಅಂದು ಯಾರ ಪ್ರಾಣವೂ ಹೋಗಲಿಲ್ಲ. ಹನುಮಯ್ಯ ಬುಡಕ್ಕೆ ಚಪ್ಪಡಿ ಕಲ್ಲು ಹೂತರು, ಮೇಲೆ ಕೂಡ ಜಾಲರಿ ಹೊದಿಸಿದರು, ಒಂದು ಬಾಗಿಲು ಇಟ್ಟು ಚಿಲಕ ಹಾಕಿದರು. ಈ ಸಲ ಕೆಲಸ ಗಟ್ಟಿಯಾಗಿತ್ತು. ಮೋಟ ಸುತ್ತ ಬಂದು, ಮೂಸಿ ನೋಡಿ, ಬೇಜಾರಿನಿಂದ ಮೊಸರನ್ನದ ಮನೆಗೆ ಹೋಯಿತು.

ಆದರೆ ಕೋಳಿಗಳಿಗೆ ಬಂಧನ ಹಿಡಿಸಲಿಲ್ಲ. ಒಂದನ್ನೊಂದು ಕುಕ್ಕಿಕೊಂಡವು, ಮೊಟ್ಟೆ ಕಡಿಮೆ ಮಾಡಿದವು. ಅವುಗಳಲ್ಲಿ ಚುಕ್ಕಿ ಎಂಬ ಹೇಂಟೆ, ಕಪ್ಪು ಮೈಮೇಲೆ ಬಿಳಿ ಚುಕ್ಕೆಗಳಿದ್ದದ್ದು, ಮೊಟ್ಟೆ ಇಡುವುದನ್ನೇ ನಿಲ್ಲಿಸಿಬಿಟ್ಟಿತು. ಈಶ್ವರಮ್ಮನಿಗೆ ಕನಿಕರವಾಗಿ ಮಧ್ಯಾಹ್ನ ಸ್ವಲ್ಪ ಹೊತ್ತು ಬಾಗಿಲು ತೆಗೆದು, ತಾವು ಕೋಲು ಹಿಡಿದು ಮರದ ಕೆಳಗೆ ಕೂರತೊಡಗಿದರು. ಕೂತಲ್ಲೇ ಒಂದೊಂದು ಸಲ ತೂಕಡಿಕೆ ಬರುತ್ತಿತ್ತು. ಹಾಗೆ ತೂಕಡಿಸಿ ಎದ್ದ ಒಂದು ದಿನ ಕೋಳಿಗಳನ್ನೆಲ್ಲ ಒಳಗೆ ಸೇರಿಸಿ ನೋಡಿದರೆ ಚುಕ್ಕಿ ಇರಲಿಲ್ಲ.

ದೀಪಾವಳಿಗೆ ಇನ್ನು ಕೆಲವೇ ದಿನ. ಈಶ್ವರಮ್ಮ ಬೀದಿ ಪೂರ್ತಿ ಹುಡುಕಿದರು. ಖಾಲಿ ಸೈಟಿನ ಪಾರ್ಥೇನಿಯಂ ಗಿಡಗಳನ್ನು ಕೋಲಿನಿಂದ ಬಡಿದು ನೋಡಿದರು. ಎಲ್ಲೂ ಒಂದು ಗರಿ ಕೂಡ ಸಿಗಲಿಲ್ಲ. ಈ ಸಲ ಅವರು ಜಗಳಕ್ಕೆಂದು ಬರಲಿಲ್ಲ. ಗೇಟಿನ ಮುಂದೆ ನಿಂತು, “ಸಾರ್, ಚುಕ್ಕೀನೂ ಹೋಯ್ತು,” ಅಂದರು ಅಷ್ಟೇ. ದನಿ ಚಿಕ್ಕದಾಗಿತ್ತು.

ಬೈದಿದ್ದರೆ ಬದರಿನಾಥರು ವಾದ ಮಾಡುತ್ತಿದ್ದರು. ಬೈಯಲಿಲ್ಲ ಎಂದೇ ಅವರಿಗೆ ಆ ರಾತ್ರಿ ಊಟ ಸೇರಲಿಲ್ಲ.

ನೀರು ತುಂಬುವ ಹಬ್ಬದ ಹಿಂದಿನ ದಿನ ಸರಸ್ವತಿಯವರು ಮನೆಯ ಹಿಂದೆ, ಕಾಂಪೌಂಡಿನೊಳಗಿನ ಓಣಿಗೆ ಹೋದರು. ಮನೆ ಮೇಲೆ ಸೋಲಾರ್ ಇದ್ದರೂ ಹಬ್ಬದ ಎಣ್ಣೆಸ್ನಾನಕ್ಕೆ ಹಂಡೆಯ ನೀರೇ ಆಗಬೇಕೆಂಬುದು ಬದರಿನಾಥರ ಹಟ. ಅದಕ್ಕಾಗಿ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ವರ್ಷವಿಡೀ ತೆಂಗಿನ ನಾರು, ಕರಟ ಕೂಡಿಡುತ್ತಿದ್ದರು. ಸರಸ್ವತಿಯವರು ನಾರಿಗೆ ಕೈ ಹಾಕಿದಾಗ ನಾರು ‘ಕುರ್ರ್’ ಎಂದಿತು. ಬಗ್ಗಿ ನೋಡಿದರು. ಕಪ್ಪು ಮೈ, ಬಿಳಿ ಚುಕ್ಕೆ, ಸಿಟ್ಟಿನ ಕಣ್ಣು.

“ರೀ, ಬೇಗ ಬನ್ನಿ. ನಿಮ್ಮ ಪ್ರಿನ್ಸ್ ತಿಂದ ಕೋಳಿ ಇಲ್ಲಿ ಕೂತಿದೆ.”

ಸೀಬೆ ಮರದ ಕೊಂಬೆ ಗೋಡೆ ದಾಟಿ ಈ ಕಡೆಗೆ ಬಾಗಿತ್ತು. ಈಶ್ವರಮ್ಮ ತೂಕಡಿಸಿದಾಗಲೆಲ್ಲ ಚುಕ್ಕಿ ಕೊಂಬೆ ಹತ್ತಿ, ಗೋಡೆ ಹಾರಿ, ಇಲ್ಲಿ ಬಂದು ಗುಟ್ಟಾಗಿ ಮೊಟ್ಟೆ ಇಟ್ಟು ಹೋಗಿತ್ತು. ಸಾಕಷ್ಟು ಮೊಟ್ಟೆ ಕೂಡಿದ ಮೇಲೆ ಕಾವಿಗೆ ಕೂತುಬಿಟ್ಟಿತ್ತು.

ಈಶ್ವರಮ್ಮ ಓಡಿ ಬಂದರು. ಆ ಮನೆಯ ಗೇಟು ದಾಟಿ ಒಳಗೆ ಬಂದದ್ದು ಅದೇ ಮೊದಲು ಎಂಬುದು ಅವರಿಗೂ ನೆನಪಾಗಲಿಲ್ಲ, ಉಳಿದವರಿಗೂ ಆಗಲಿಲ್ಲ. ಚುಕ್ಕಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, “ಕಳ್ಳಿ, ಇಲ್ಲಿ ಬಂದು ಕೂತಿದ್ದೀಯಾ? ನಾನು ಊರೆಲ್ಲ ಅಳ್ತಾ ತಿರುಗ್ದೆ,” ಎಂದು ಬೈದರು. ಕಣ್ಣಲ್ಲಿ ನೀರಿತ್ತು.

“ಎತ್ಕೊಂಡು ಹೋಗಿ, ಪಾಪ,” ಎಂದರು ಬದರಿನಾಥರು, ದೊಡ್ಡ ಉದಾರಿಯ ಹಾಗೆ.

“ಅಯ್ಯೋ, ಈಗ ಎತ್ತಂಗಿಲ್ಲ ಸಾರ್. ಜಾಗ ಬದಲಾಯ್ಸಿದ್ರೆ ಕಾವು ಬಿಟ್ಟುಬಿಡ್ತದೆ, ಮೊಟ್ಟೆ ಎಲ್ಲ ಕೆಟ್ಟೋಯ್ತವೆ. ಮರಿ ಆಗೋವರ್ಗೂ ಇಲ್ಲೇ ಇರ್ಬೇಕು.”

“ಇಲ್ಲೇ ಅಂದ್ರೆ... ನಮ್ಮನೇಲೇ?”

“ಇನ್ನೆಲ್ಲಿ, ಮೆಟ್ರೋ ಸ್ಟೇಷನ್ನಲ್ಲಾ?” ಎಂದರು ಸರಸ್ವತಿಯವರು. “ಬಾಣಂತನಕ್ಕೆ ಬಂದಿರೋಳನ್ನ ಯಾರಾದ್ರೂ ಆಚೆಗೆ ಕಳಿಸ್ತಾರಾ? ಇರ್ಲಿ ಬಿಡಿ ಈಶ್ವರಮ್ಮ, ನಾನು ನೋಡ್ಕೋತೀನಿ.”

ಬದರಿನಾಥರ ಬಾಯಲ್ಲಿ ಮಡಿ ಎಂಬ ಮಾತು ಅರ್ಧ ಬಂದು ನಿಂತಿತು. ಹೆಂಡತಿಯ ಮುಖ ನೋಡಿ ಅದನ್ನು ನುಂಗಿಕೊಂಡರು. ಆಮೇಲೆ ಅವರಿಗೆ ಇನ್ನೂ ದೊಡ್ಡ ಚಿಂತೆ ಹೊಳೆಯಿತು. ಬೀದಿಯ ನಾಯಿಗಳಿಗೆಲ್ಲ ಊಟದ ಮನೆ ಇದೇ. ಗೇಟಿಗೆ ಚಿಲಕ ಹಾಕುವ ಅಭ್ಯಾಸವೇ ಇರಲಿಲ್ಲ. ಪ್ರಿನ್ಸ್ ಅಂತೂ ಓಣಿ, ಮೆಟ್ಟಿಲು, ವರಾಂಡ ಎಲ್ಲ ಕಡೆ ಅಳಿಯನ ಹಾಗೆ ಓಡಾಡಿಕೊಂಡಿತ್ತು.

“ಹನುಮಯ್ಯನವರ ಹತ್ರ ಆ ಜಾಲರಿ ಇನ್ನೂ ಸ್ವಲ್ಪ ಉಳಿದಿದ್ಯಾ?” ಎಂದು ಮೆಲ್ಲಗೆ ಕೇಳಿದರು.

ಹನುಮಯ್ಯ ಜಾಲರಿಯ ಜೊತೆಗೆ ಸುತ್ತಿಗೆ, ಇಕ್ಕಳ ಹಿಡಿದುಕೊಂಡು ಬಂದರು. ಮುಖದಲ್ಲಿ ನಗು ತಡೆಯಲು ಬಹಳ ಕಷ್ಟಪಡುತ್ತಿದ್ದರು. “ಯಾಕ್ ಸಾರ್ ಜಾಲರಿ? ಪ್ರಿನ್ಸು ಮೊಸರನ್ನ ತಿನ್ನೋನಲ್ವಾ?”

“ಅವನದೇನೂ ಇಲ್ಲ ಹನುಮಯ್ಯ. ಬೇರೆ ನಾಯಿಗಳು ಇರ್ತವಲ್ಲ. ರಿಸ್ಕ್ ತಗೋಬಾರದು.”

“ಹೌದೌದು. ಬೇರೆ ನಾಯ್ಗಳು ಮಾತ್ರ ಕೆಟ್ಟವು.”

ಇಬ್ಬರೂ ಸೇರಿ ಓಣಿಯ ಬಾಯಿಗೆ ಜಾಲರಿ ಬಿಗಿದರು. ಬದರಿನಾಥರು ಮೊಳೆ ಹಿಡಿದರು, ಹನುಮಯ್ಯ ಹೊಡೆದರು; ನಡುವೆ ಒಂದು ಸಲ ಹೆಬ್ಬೆರಳಿಗೂ ಹೊಡೆದರು. ಸರಸ್ವತಿಯವರು ಕಾಫಿ ತಂದುಕೊಟ್ಟರು. ಆ ವರ್ಷದ ಎಣ್ಣೆಸ್ನಾನ ಸೋಲಾರ್ ನೀರಿನಲ್ಲೇ ಆಯಿತು. ಹಂಡೆಗೆ ಬೆಂಕಿ ಹಾಕಿದರೆ ಚುಕ್ಕಿಗೆ ಹೊಗೆಯಾಗುತ್ತದೆ ಎಂದು ಹೇಳಿದವರು ಬೇರೆ ಯಾರೂ ಅಲ್ಲ, ಸ್ವತಃ ಬದರಿನಾಥರೇ.

ಊಟದ ಹೊತ್ತಿಗೆ ನಾಯಿಗಳು ಬಂದಾಗ ಗೇಟು ಹಾಕಿತ್ತು. ಬದರಿನಾಥರು ಒಂದು ಕೈಯಲ್ಲಿ ಅನ್ನದ ಪಾತ್ರೆ, ಇನ್ನೊಂದರಲ್ಲಿ ಕೊಡೆ ಹಿಡಿದು ಅವುಗಳನ್ನು ಬೀದಿಯ ತುದಿಯ ಖಾಲಿ ಸೈಟಿಗೆ ಕರೆದುಕೊಂಡು ಹೋಗಿ ಬಡಿಸಿದರು. ಕೊಡೆ ಏಕೆಂದರೆ, ಒಂದು ಮರಿನಾಯಿ ಓಣಿಯ ಕಡೆ ಮೂಗು ಎತ್ತಿ ಗಾಳಿ ಮೂಸುತ್ತಿದ್ದುದನ್ನು ಅವರು ನೋಡಿದ್ದರು. “ಏಯ್, ಆ ಕಡೆ ನೋಡಬಾರದು,” ಎಂದು ಕೊಡೆ ಬಿಚ್ಚಿ ಅಡ್ಡ ಹಿಡಿದರು. ಈಶ್ವರಮ್ಮ ಗೋಡೆಯ ಆಚೆಯಿಂದ ಇಣುಕಿ ನೋಡಿ, ಬಾಯಿಗೆ ಸೆರಗು ತುರುಕಿಕೊಂಡು ಒಳಗೆ ಓಡಿದರು.

ಹಬ್ಬದ ಸಂಜೆ ಎಲ್ಲ ತಲೆಕೆಳಗಾಯಿತು.

ಬೀದಿಯಲ್ಲಿ ಪಟಾಕಿ ಶುರುವಾಗಿತ್ತು. ಎದುರು ಮನೆಯವರು ಸರಪಟಾಕಿಯ ದೊಡ್ಡ ಸುರುಳಿ ಬಿಚ್ಚಿ ರಸ್ತೆಯುದ್ದಕ್ಕೂ ಹಾಸಿ ಹಚ್ಚಿದರು. ಮೊದಲ ಸದ್ದಿಗೇ ಪ್ರಿನ್ಸ್ ಎಲ್ಲಿಂದಲೋ ಬಾಣದಂತೆ ಬಂತು. ಹಣತೆ ಹಚ್ಚಲೆಂದು ಸರಸ್ವತಿಯವರು ಗೇಟು ಅರೆ ತೆಗೆದಿದ್ದರು. ಅವರ ಕಾಲ ಸಂದಿಯಲ್ಲೇ ನುಗ್ಗಿ, ಹಿಂದಿನ ಓಣಿಗೆ ಓಡಿ, ಜಾಲರಿಯನ್ನು ತಲೆಯಿಂದ ಗುದ್ದಿ, ಹನುಮಯ್ಯ ಬಿಗಿದ ಮೂಲೆ ಕಿತ್ತುಕೊಂಡು ಒಳಗೆ ಹೋಯಿತು. ಪ್ರತಿ ದೀಪಾವಳಿಯಲ್ಲೂ ಅದು ಅಡಗುತ್ತಿದ್ದ ಜಾಗ ಆ ಮೆಟ್ಟಿಲ ಕೆಳಗಿನ ಮೂಲೆಯೇ ಎಂಬುದು ಬದರಿನಾಥರಿಗೆ ಆಗಲೇ ನೆನಪಾದದ್ದು.

“ಅಯ್ಯೋ ಚುಕ್ಕಿ!” ಎಂದು ಕೂಗಿ ಅವರು ರೇಷ್ಮೆ ಪಂಚೆ ಎತ್ತಿ ಕಟ್ಟಿ ಓಡಿದರು.

ಮೆಟ್ಟಿಲ ಕೆಳಗೆ ಟಾರ್ಚ್ ಹಾಕಿ ನೋಡಿದರೆ, ಗೋಡೆಗೆ ಅಂಟಿಕೊಂಡು ಪ್ರಿನ್ಸ್ ಥರಥರ ನಡುಗುತ್ತಿತ್ತು. ಅದರ ಮುಂದೆ ಚುಕ್ಕಿ, ಗರಿಯೆಲ್ಲ ನಿಗುರಿಸಿಕೊಂಡು ಎರಡು ಪಟ್ಟು ದಪ್ಪವಾಗಿ, ನಾಯಿಯ ಮೂಗಿಗೆ ಒಂದೇ ಸಮನೆ ಕುಕ್ಕುತ್ತಿತ್ತು. ನಾಯಿ ತಿರುಗಿ ಬೊಗಳಲೂ ಇಲ್ಲ. ಹೊರಗೆ ಹೋದರೆ ಪಟಾಕಿ, ಒಳಗೆ ಇದ್ದರೆ ಕೋಳಿ. ಅದು ಬದರಿನಾಥರ ಕಡೆ ನೋಡಿ ಸಣ್ಣಗೆ ಕುಂಯ್‌ಗುಟ್ಟಿತು.

ಬದರಿನಾಥರು ನಾಯಿಯನ್ನು ಎಳೆದುಕೊಳ್ಳಲು ಕೈ ಚಾಚಿದರು. ಚುಕ್ಕಿ ಅವರ ಕೈಗೂ ಕುಕ್ಕಿತು. ರಕ್ತ ಬಂತು.

ಏನು ಮಾಡುವುದು? ನಾಯಿಯನ್ನು ಆ ಸದ್ದಿಗೆ ತಳ್ಳಲು ಮನಸ್ಸು ಬರಲಿಲ್ಲ. ಕೋಳಿಯನ್ನು ಎತ್ತುವಂತಿರಲಿಲ್ಲ. ಕೊನೆಗೆ ಬದರಿನಾಥರು ತಾವೇ ಬಗ್ಗಿ ಮೆಟ್ಟಿಲ ಕೆಳಗೆ ತೂರಿ, ಎರಡರ ನಡುವೆ ಕೂತುಬಿಟ್ಟರು. ಬೆನ್ನಿಗೆ ನಾಯಿ, ಎದುರಿಗೆ ಕೋಳಿ. ಚುಕ್ಕಿ ಸ್ವಲ್ಪ ಹೊತ್ತು ಅವರ ಮಂಡಿಯನ್ನು ಕುಕ್ಕಿ ನೋಡಿ, ಈ ಮನುಷ್ಯನಿಂದ ಅಂಥ ಅಪಾಯವೇನಿಲ್ಲ ಅನ್ನಿಸಿರಬೇಕು, ಮೊಟ್ಟೆಗಳ ಮೇಲೆ ಹೋಗಿ ಕೂತಿತು.

ನಾಯಿ ನುಗ್ಗಿದ್ದನ್ನು ಗೋಡೆಯಾಚೆಯಿಂದ ಕಂಡ ಈಶ್ವರಮ್ಮ ಕೋಲು ಹಿಡಿದು ಓಡಿ ಬಂದರು. ಬಂದವರು ಓಣಿಯಲ್ಲಿ ನಿಂತೇಬಿಟ್ಟರು. ರೇಷ್ಮೆ ಪಂಚೆಯ ಬದರಿನಾಥರು ಮೆಟ್ಟಿಲ ಕೆಳಗೆ ತಲೆ ಬಗ್ಗಿಸಿ ಕೂತಿದ್ದರು. ಅವರ ಬೆನ್ನ ಹಿಂದಿನಿಂದ ಅರ್ಧ ಬಾಲ ಕಾಣುತ್ತಿತ್ತು.

“ಕೋಲು ಬೇಡ ಕಣ್ರೀ,” ಎಂದರು ಬದರಿನಾಥರು. “ಅವನು ತಿನ್ನೋಕೆ ಬಂದಿಲ್ಲ. ಹೆದರಿಕೊಂಡು ಬಂದಿದ್ದಾನೆ. ನಾನಿಲ್ಲಿ ಇದ್ದೀನಲ್ಲ, ನಿಮ್ಮ ಚುಕ್ಕಿಗೆ ಏನೂ ಆಗಲ್ಲ.”

“ಚುಕ್ಕಿಗೆ ಏನೂ ಆಗಿಲ್ಲ ಸಾರ್. ನಿಮ್ಗೇ ಆಗಿರಂಗೈತೆ.”

ಈಶ್ವರಮ್ಮ ಕೋಲು ಗೋಡೆಗೆ ಒರಗಿಸಿ, ಒಗೆಯುವ ಕಲ್ಲಿನ ಮೇಲೆ ಕೂತರು. ಹೋಗಲು ಅವರಿಗೂ ಮನಸ್ಸಾಗಲಿಲ್ಲ. ಸರಸ್ವತಿಯವರು ಅವರ ಕೈಗೆ ಕಜ್ಜಾಯದ ತಟ್ಟೆ ಕೊಟ್ಟು, ಗಂಡನ ಬೆರಳಿಗೆ ಅರಿಶಿನ ಹಚ್ಚಿ ಹೋದರು. ಬೀದಿಯಲ್ಲಿ ಒಂದೊಂದು ಸಿಡಿತಕ್ಕೂ ನಾಯಿ ನಡುಗಿ ಬದರಿನಾಥರ ಬೆನ್ನಿಗೆ ಒತ್ತಿಕೊಳ್ಳುತ್ತಿತ್ತು. ಅವರು ಹಿಂದಕ್ಕೆ ಕೈ ಹಾಕಿ ಅದರ ತಲೆ ಸವರುತ್ತಿದ್ದರು.

ಸದ್ದು ಸ್ವಲ್ಪ ತಗ್ಗಿದಾಗ ಅವರು ಈಶ್ವರಮ್ಮನ ಮುಖ ನೋಡದೆ ಹೇಳಿದರು. “ಆ ಕೆಂಪಿ... ಅದನ್ನ ಇವನೇ ತಿಂದಿದ್ದು. ಮ್ಯಾಟ್ ಕೆಳಗೆ ಗರಿ ಇತ್ತು. ನಾನು ಹೇಳಲಿಲ್ಲ.”

“ಗೊತ್ತು ಬಿಡಿ ಸಾರ್. ಸರಸ್ವತಮ್ನೋರು ಆವತ್ತೇ ಹೇಳುದ್ರು.”

“ಆವತ್ತೇ?”

“ಗೋಡೆ ಮೇಲಿಂದ ಗರೀನೂ ತೋರ್ಸುದ್ರು.”

ಬದರಿನಾಥರು ಹೆಂಡತಿ ಹೋದ ದಿಕ್ಕಿಗೊಮ್ಮೆ ನೋಡಿದರು. “ಮತ್ತೆ ನೀವು ಬಂದು ಜಗಳ ಆಡಲಿಲ್ಲ?”

“ನಾಯಿ ಅಲ್ವಾ ಸಾರ್, ತಿಂತದೆ. ನೀವು ಒಪ್ಪಲ್ಲ ಅನ್ನೋದೇ ನಂಗೆ ಉರಿ ಇದ್ದಿದ್ದು.” ಈಶ್ವರಮ್ಮ ಒಂದು ಕಜ್ಜಾಯ ಮುರಿದು, ಅರ್ಧ ಬಾಯಿಗೆ ಹಾಕಿಕೊಂಡು, ಉಳಿದರ್ಧವನ್ನು ಮೆಟ್ಟಿಲ ಕೆಳಗೆ ಚಾಚಿದರು. ಬದರಿನಾಥರು ತಮಗೆಂದು ಕೈ ಎತ್ತಿದರು. ಅವರ ಕಂಕುಳ ಕೆಳಗಿನಿಂದ ಒಂದು ಮೂತಿ ಬಂದು ಅದನ್ನು ಕಚ್ಚಿಕೊಂಡು ಹೋಯಿತು.

“ನಿಮ್ಗೆ ಬೇರೆ ಕೊಡ್ತೀನಿ ಇರಿ,” ಎಂದರು ಈಶ್ವರಮ್ಮ.

ಹಬ್ಬ ಕಳೆದು ಎರಡು ವಾರಕ್ಕೆ ಮೊಟ್ಟೆ ಒಡೆದು ಮರಿಗಳು ಬಂದವು. ಬದರಿನಾಥರು ಓಣಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು ನೋಡಿದರು. ಪೇಪರನ್ನೂ ಅಲ್ಲೇ ಓದಿದರು. ಈಶ್ವರಮ್ಮ ತಾಯಿಮರಿಗಳನ್ನು ಮಂಕರಿಯಲ್ಲಿಟ್ಟುಕೊಂಡು ತಮ್ಮ ಮನೆಗೆ ಹೊರಟಾಗ ಬದರಿನಾಥರು ಗೇಟಿನವರೆಗೆ ಹಿಂದೆಯೇ ಬಂದರು.

“ಈಶ್ವರಮ್ಮನವರೇ, ಇವು ದೊಡ್ಡವಾದ ಮೇಲೆ... ಮುಂದೆ...”

“ಮುಂದೆ ಏನ್ ಸಾರ್?”

“ಅಲ್ಲ, ಸುಮ್ನೆ ಕೇಳಿದೆ.”

“ಹೇಂಟೆ ಆದ್ರೆ ಮೊಟ್ಟೆಗೆ. ಹುಂಜ ಆದ್ರೆ ಸಾರಿಗೆ,” ಎಂದು ಈಶ್ವರಮ್ಮ ನಗದೆ ಹೇಳಿದರು. ಬದರಿನಾಥರು ತಲೆಯಾಡಿಸಿ ಒಳಗೆ ಹೋದರು. ಆಮೇಲೆ ಕೆಲವು ದಿನ ಅವರು ದೇವರ ಪೂಜೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕೂರುತ್ತಿದ್ದರು. ಎಲ್ಲ ಮರಿಗಳೂ ಹೇಂಟೆಯಾಗಲಿ ಎಂದು ಬೇಡುತ್ತಿದ್ದಾರೆಂದು ಸರಸ್ವತಿಯವರ ಗುಮಾನಿ.

ನಾಯಿಗಳ ಊಟ ಖಾಲಿ ಸೈಟಿನಲ್ಲೇ ಮುಂದುವರಿಯಿತು. ಅವು ಹೊಟ್ಟೆ ತುಂಬಿ ಮಲಗಿದ ಮೇಲಷ್ಟೇ ಈಶ್ವರಮ್ಮ ಕೋಳಿಗಳನ್ನು ಬಿಡುತ್ತಿದ್ದರು. ಬೇರೆ ನಾಯಿಗಳು ಹಿತ್ತಲ ಕಡೆ ಬರುವುದನ್ನು ಕಡಿಮೆ ಮಾಡಿದವು. ಪ್ರಿನ್ಸ್ ಅಂತೂ ಚುಕ್ಕಿ ಎದುರಿಗೆ ಬಂದರೆ ಬೀದಿಯ ಆ ಬದಿಗೆ ದಾಟಿ ಹೋಗುತ್ತಿತ್ತು. ಅದು ಗೌರವದಿಂದ ಎಂದು ಬದರಿನಾಥರು, ಮೂಗಿನ ನೋವಿನಿಂದ ಎಂದು ಹನುಮಯ್ಯ. ಈ ಬಗ್ಗೆ ಅವರಿಬ್ಬರೂ ಸಂಜೆ ಗೋಡೆಯ ಎರಡು ಕಡೆ ನಿಂತು ಬಹಳ ಹೊತ್ತು ವಾದ ಮಾಡುತ್ತಿದ್ದರು.

ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಮರಿಗೆ ಕೆಂಪು ಜುಟ್ಟು ಬಂತು. ಆಮೇಲೆ ದನಿಯೂ ಬಂತು. ಹುಂಜಕ್ಕೆ ತಾನು ಹುಟ್ಟಿದ ಮನೆಯ ಮೇಲೆ ವಿಶೇಷ ಅಭಿಮಾನವೇನೋ, ನಸುಕಿನಲ್ಲಿ ಸೀಬೆ ಕೊಂಬೆ ಹಿಡಿದು ಬಂದು ಬದರಿನಾಥರ ಮಲಗುವ ಕೋಣೆಯ ಕಿಟಕಿಗೇ ಮುಖ ಮಾಡಿ ಕೂಗುತ್ತಿತ್ತು. ಅವರು ನಾಲ್ಕು ದಿನ ಸಹಿಸಿಕೊಂಡು ಐದನೆಯ ದಿನ ಕೆಂಪು ಕಣ್ಣು ಉಜ್ಜುತ್ತಾ ಗೋಡೆಯ ಹತ್ತಿರ ಬಂದರು.

“ನಿಮ್ಮ ಹುಂಜ ಸ್ವಲ್ಪ ಬೇಗನೇ ಏಳುತ್ತೆ, ಅಲ್ವೇ?”

“ತೊಂದ್ರೆ ಆಯ್ತಾ ಸಾರ್? ಇನ್ನೇನು ಯುಗಾದಿ ಬಂತು. ಮಾರನೇ ದಿನ ವರ್ಷತೊಡಕು, ಬಾಡೂಟ. ಆವತ್ತಿಂದ ಸದ್ದು ಇರಲ್ಲ ಬಿಡಿ,” ಎಂದರು ಈಶ್ವರಮ್ಮ, ಸೊಪ್ಪು ಬಿಡಿಸುತ್ತಾ.

ಬದರಿನಾಥರ ನಿದ್ದೆ ಪೂರ್ತಿ ಹಾರಿಹೋಯಿತು. “ಅಯ್ಯೋ, ತೊಂದರೆ ಅಂತಲ್ಲ! ಬೆಳಿಗ್ಗೆ ಬೇಗ ಏಳೋದು ಒಳ್ಳೇದೇ. ಡಾಕ್ಟರೂ ಹೇಳಿದ್ದಾರೆ. ನನಗೇನೋ ಇಷ್ಟಾನೇ ಆಯ್ತು.”

“ಇಷ್ಟ ಆಯ್ತಾ?”

“ತುಂಬಾ.”

“ಹಂಗಾದ್ರೆ ಈ ವರ್ಷ ಇರ್ಲಿ,” ಎಂದು ಈಶ್ವರಮ್ಮ ಸೊಪ್ಪಿನ ಕಡೆ ತಲೆ ಬಗ್ಗಿಸಿದರು. ಮುಖದ ನಗು ಕಾಣದಿರಲೆಂದು.

ವರ್ಷತೊಡಕಿನ ದಿನ ಹನುಮಯ್ಯ ಮಂಡಿ ನೋವು ಬೈದುಕೊಳ್ಳುತ್ತಾ ಮಟನ್ ಅಂಗಡಿಯ ಕ್ಯೂನಲ್ಲಿ ನಿಂತು ಬಂದರು. ಮಾರನೆಯ ದಿನ ನಸುಕಿನಲ್ಲಿ ಬದರಿನಾಥರಿಗೆ ತಾವಾಗಿಯೇ ಎಚ್ಚರವಾಯಿತು. ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿಯೇ ಕಿವಿಗೊಟ್ಟರು. ದೂರದಲ್ಲಿ ಹಾಲಿನ ವ್ಯಾನ್ ಹೋಯಿತು, ಎಲ್ಲೋ ಒಂದು ನಲ್ಲಿ ಸೋರುತ್ತಿತ್ತು. ಕೂಗಿಲ್ಲ. ಅವರು ಎದ್ದು ಕೂತರು.

ಆಗ ಕಿಟಕಿಯ ಹೊರಗೆ ಹುಂಜ ಗಂಟಲು ಹರಿಯುವಂತೆ ಕೂಗಿತು.

“ಸದ್ಯ,” ಎಂದು ಬದರಿನಾಥರು ಮತ್ತೆ ಮಲಗಿ ಹೊದಿಕೆ ಎಳೆದುಕೊಂಡರು. ಆ ದಿನ ಎಂಟು ಗಂಟೆಯವರೆಗೆ ಗೊರಕೆ ಹೊಡೆದರು.